ನಂದಿಬೆಟ್ಟವನ್ನು ನಿಲ್ಲದೆ ಏರುವವರು ಸ್ಪೇನಿನ ಮಯೋರ್ಕಾ ದ್ವೀಪದ ಸಾ ಕಲೋಬ್ರಾ ಘಾಟಿಯನ್ನು ಸೈಕಲ್ಲಿನಲ್ಲಿ ಏರಬಲ್ಲರೇ? ಹಿಂದಿನ ಗಾಲಿಗೆ 28 ಹಲ್ಲಿನ ಗೇರು ಸಾಕೇ?

ಐದು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆಯನ್ನು, ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ, ಸಿಕ್ಕ ಸಿಕ್ಕ ಸವಾರರನ್ನೆಲ್ಲ ಕೇಳಿದ್ದೆ. ಎಲ್ಲರೂ ಗೇರಿನ ಲೆಕ್ಕ ಹೇಳಿದರು, ಉಸಿರಾಟದ ಅಭ್ಯಾಸ ಹೇಳಿದರು. ಇಳಿಯುವುದರ ಬಗ್ಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದರ ಬೆಲೆಯನ್ನು ನನ್ನ ಎಡ ಮಣಿಕಟ್ಟು ತೆತ್ತಿತು.

ನಂದಿಯಲ್ಲಿ ನಾವು ಮೊದಲು ಏರುತ್ತೇವೆ. ಇಳಿಯುವ ಹೊತ್ತಿಗೆ ಅಂದಿನ ಕೆಲಸ ಮುಗಿದಿರುತ್ತದೆ. ಸಾ ಕಲೋಬ್ರಾದಲ್ಲಿ ಈ ಕ್ರಮವೇ ತಿರುಗುಮುರುಗು. ಅದು ತ್ರಮುಂತಾನಾ ಬೆಟ್ಟಸಾಲಿನ ಬುಡದಲ್ಲಿ, ಸಮುದ್ರಕ್ಕೆ ಅಂಟಿಕೊಂಡಿರುವ ಪುಟ್ಟ ಹಳ್ಳಿ. ರಸ್ತೆ ಅಲ್ಲಿಗೇ ಮುಗಿಯುತ್ತದೆ, ಮುಂದೆ ನೀರು. ಸೈಕಲ್ ತುಳಿದುಕೊಂಡು ಅಲ್ಲಿಗೆ ಹೋಗುವವರು 682 ಮೀಟರ್ ಎತ್ತರದ ಕೋಲ್ ದೆಲ್ಸ್ ರೇಯ್ಸ್ ಕಣಿವೆಬಾಯಿಗೆ ಮೊದಲು ಬಂದು, ಅಲ್ಲಿಂದ ಸುಮಾರು ಒಂಬತ್ತೂವರೆ ಕಿಲೋಮೀಟರ್ ಇಳಿದು, ಅದೇ ದಾರಿಯಲ್ಲಿ ಮರಳಿ ಏರಬೇಕು. ಸರಾಸರಿ ಏರು ಶೇಕಡಾ 7, ಹೇರ್‌ಪಿನ್ ತಿರುವುಗಳು 26. ನಮ್ಮ ಆಗುಂಬೆ ಘಾಟಿಯಲ್ಲಿರುವುದು 14. ನೀವು ಏರಬಲ್ಲಿರಾ ಎಂಬ ಪ್ರಶ್ನೆಗೆ ಮೊದಲೇ, ಏರುವುದಕ್ಕೆ ಬೇಕಾದ ಕೈ, ಗಾಲಿ, ಧೈರ್ಯಗಳನ್ನು ಉಳಿಸಿಕೊಂಡು ನೀವು ಕೆಳಗೆ ತಲುಪಬಲ್ಲಿರಾ ಎಂಬ ಪ್ರಶ್ನೆ ಬರುತ್ತದೆ. ಆದ್ದರಿಂದ ನೀವು ಕೇಳಿರುವುದು ತಪ್ಪು ಪ್ರಶ್ನೆ ಎಂದೇ ನನ್ನ ಅಭಿಪ್ರಾಯ.

ಅದು ಏಪ್ರಿಲ್ ತಿಂಗಳು. ನಾನು ಉಳಿದುಕೊಂಡಿದ್ದು ದ್ವೀಪದ ಉತ್ತರ ತುದಿಯ ಪೋರ್ಟ್ ದೆ ಪೊಯೆನ್ಸಾದಲ್ಲಿ. ಏಳು ಗಂಟೆಗೇ ಹೊರಡಬೇಕೆಂದುಕೊಂಡವನು ತಿಂಡಿ, ಗಾಳಿ, ಫೋಟೋ ಎನ್ನುತ್ತ ಹೊರಟಾಗ ಒಂಬತ್ತೂವರೆ. ಲ್ಯೂಕ್ ಮಠದ ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ಎಲ್ಲ ಸವಾರರಂತೆ ನಾನೂ ನಿಂತು ಕಾಫಿ ಕುಡಿದೆ. ಹಳೆಯ ಕಾಲುವೆಸೇತುವೆಯ ಬಳಿ ಮುಖ್ಯರಸ್ತೆ ಬಿಟ್ಟು ಬಲಕ್ಕೆ ತಿರುಗಿ, ಚಿಕ್ಕ ಏರೊಂದನ್ನು ಮುಗಿಸಿ ಕಣಿವೆಬಾಯಿಗೆ ಬಂದಾಗ ಹೊತ್ತು ಮಧ್ಯಾಹ್ನದ ಕಡೆಗೆ ವಾಲಿತ್ತು. ಪ್ರವಾಸಿಗಳನ್ನು ತುಂಬಿಕೊಂಡ ದೊಡ್ಡ ಬಸ್ಸುಗಳು ಆ ರಸ್ತೆಗೆ ಇಳಿಯುವ ಹೊತ್ತು ಅದೇ. ಎರಡನೆಯ ತಿರುವಿನಲ್ಲೇ ಅಂಥದೊಂದು ಬಸ್ಸು ನನ್ನ ಮುಂದೆ ಇತ್ತು.

ಈಗ ನನ್ನ ತಪ್ಪನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದನ್ನು ತಪ್ಪೆಂದು ಗುರುತಿಸುವುದೇ ಕಷ್ಟ. ನಾನು ವೇಗವಾಗಿ ಹೋಗಲಿಲ್ಲ. ನಿಧಾನವಾಗಿ, ಬಹಳ ಜಾಗ್ರತೆಯಿಂದ, ಗಂಟೆಗೆ ಹದಿನೈದು ಕಿಲೋಮೀಟರಿನಂತೆ ಆ ಬಸ್ಸಿನ ಹಿಂದೆಯೇ ಇಳಿದೆ. ಪ್ರತಿ ತಿರುವಿನಲ್ಲೂ ಅದು ರಸ್ತೆಯ ಪೂರ್ತಿ ಅಗಲವನ್ನು ತೆಗೆದುಕೊಳ್ಳುತ್ತಿತ್ತು. ನಾನು ಮುಂದಿನ ಬ್ರೇಕನ್ನು ಒತ್ತಿಹಿಡಿದವನು ತಿರುವು ದಾಟಿದ ಮೇಲೂ ಬಿಡುತ್ತಿರಲಿಲ್ಲ. ಹೀಗೆ ಆರು ಕಿಲೋಮೀಟರ್. ಬಾಡಿಗೆಯ ಆ ಸೈಕಲ್ಲಿಗೆ ಇದ್ದದ್ದು ಅಲ್ಯೂಮಿನಿಯಂ ರಿಮ್ಮನ್ನೇ ಕಚ್ಚುವ ರಬ್ಬರ್ ಬ್ರೇಕು.

ಸವಾರ, ಸೈಕಲ್ ಸೇರಿ 80 ಕಿಲೋ ಎಂದಿಟ್ಟುಕೊಳ್ಳಿ. 680 ಮೀಟರ್ ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 5.3 ಲಕ್ಷ ಜೂಲ್. ಒಂದೂವರೆ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು. ಆ ಶಕ್ತಿಯನ್ನು ಎದುರುಗಾಳಿ ಹೊತ್ತೊಯ್ಯಬೇಕು, ಇಲ್ಲವೇ ಬ್ರೇಕು ನುಂಗಬೇಕು. ವೇಗವಾಗಿ ಇಳಿಯುವವನ ಪಾಲಿಗೆ ಗಾಳಿ ಅರ್ಧದಷ್ಟು ಕೆಲಸ ಮಾಡಿಬಿಡುತ್ತದೆ. ಹದಿನೈದರ ವೇಗದಲ್ಲಿ ಗಾಳಿ ಮಾಡುವ ಕೆಲಸ ಲೆಕ್ಕಕ್ಕಿಲ್ಲ. ಉಳಿದದ್ದೆಲ್ಲ ರಿಮ್ಮಿಗೆ, ರಿಮ್ಮಿನಿಂದ ಟ್ಯೂಬಿಗೆ. ಅದೂ ನನ್ನ ವಿಷಯದಲ್ಲಿ, ಎರಡು ಗಾಲಿಗಳು ಹಂಚಿಕೊಳ್ಳಬೇಕಾಗಿದ್ದ ಶಾಖವನ್ನು ಮುಂದಿನ ಗಾಲಿಯೊಂದೇ ತಿನ್ನುತ್ತಿತ್ತು. ಘಾಟಿ ಇಳಿಸುವ ನಮ್ಮ ಲಾರಿ ಚಾಲಕರು ಏರಿದ ಗೇರಿನಲ್ಲೇ ಇಳಿಯಬೇಕು, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯಬಾರದು ಎನ್ನುವುದು ಇದೇ ಕಾರಣಕ್ಕೆ. ಲಾರಿಗಾದರೆ ಹಿಡಿದು ನಿಲ್ಲಿಸಲು ಎಂಜಿನ್ ಇದೆ, ಸೈಕಲ್ಲಿಗೆ ಅದೂ ಇಲ್ಲ.

ಸಮುದ್ರಕ್ಕೆ ಇನ್ನು ಮೂರು ಕಿಲೋಮೀಟರ್ ಇರಬಹುದು ಎನ್ನುವಾಗ ಮುಂದಿನ ಟ್ಯೂಬು ಪಟಾಕಿಯಂತೆ ಸಿಡಿಯಿತು. ಬಿದ್ದೆ, ಎಡಗೈ ಊರಿದೆ. ಹಿಂದೆ ಬರುತ್ತಿದ್ದ ಜರ್ಮನ್ ದಂಪತಿ ಸೈಕಲ್ಲುಗಳನ್ನು ಗೋಡೆಗೆ ಒರಗಿಸಿ ನನ್ನನ್ನು ಪಕ್ಕಕ್ಕೆ ಎಳೆದರು. ಆಕೆ ತನ್ನ ಬಾಟಲಿಯಿಂದ ರಿಮ್ಮಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದಾಗ, ಕಾದ ಕಾವಲಿಯ ಮೇಲೆ ದೋಸೆ ಹುಯ್ಯುವ ಮೊದಲು ನೀರು ಚಿಮುಕಿಸಿದರೆ ಬರುವಂಥದೇ ಚುರ್ ಶಬ್ದ ಬಂತು. ಆ ಶಬ್ದ ಕೇಳಿದ ಮೇಲೆಯೇ ನನಗೆ ನಡೆದದ್ದೇನೆಂದು ಅರ್ಥವಾದದ್ದು. ರಿಮ್ಮು ತಣಿಯಲಿ ಎಂದು ಇಪ್ಪತ್ತು ನಿಮಿಷ ಕಾದು, ಇದ್ದ ಒಂದೇ ಟ್ಯೂಬನ್ನು ಅವರ ಸಹಾಯದಿಂದ ಹಾಕಿದೆ.

ಕೆಳಗೆ ತಲುಪಿದ ಮೇಲೆ ದೋಣಿಯಲ್ಲಿ ಮರಳುವ ದಾರಿಯನ್ನು ವಿಚಾರಿಸಬಹುದಿತ್ತು. ಮಣಿಕಟ್ಟು ಉಳುಕಿದೆ ಅಷ್ಟೆ ಎಂದು ನನಗೆ ನಾನೇ ಹೇಳಿಕೊಂಡು ಏರಲು ಹೊರಟೆ. ಎಡಗೈಯಿಂದ ಹ್ಯಾಂಡಲ್ ಎಳೆಯಲಾಗುತ್ತಿರಲಿಲ್ಲ, ಹಾಗಾಗಿ ಎದ್ದು ನಿಂತು ತುಳಿಯುವಂತಿರಲಿಲ್ಲ. ಎರಡು ಬಂಡೆಗಳ ನಡುವಿನ ಇಕ್ಕಟ್ಟಾದ ಸಂದು, ಸುಣ್ಣಕಲ್ಲಿನ ಬೋಳು ಗೋಡೆಗಳು, ಕೆಳಗೆ ಸಣ್ಣದಾಗುತ್ತ ಹೋದ ನೀಲಿ ನೀರು, ಎಲ್ಲವನ್ನೂ ದಾಟಿದೆ. ಆದರೆ ಕಣ್ಣು ಮುಂದಿನ ಟೈರಿನ ಮೇಲೆಯೇ ಇತ್ತು. ಕೊನೆಗೆ ಕೊರಳಪಟ್ಟಿಯ ಗಂಟು ಎಂದು ಹೆಸರಾದ ತಿರುವು ಬಂತು. ಅಲ್ಲಿ ರಸ್ತೆ 270 ಡಿಗ್ರಿ ಸುತ್ತಿ, ಕಟ್ಟಿದ ಟೈನಂತೆ ತನ್ನದೇ ಅಡಿಯಲ್ಲಿ ನುಸುಳಿಹೋಗುತ್ತದೆ. ಅಂತೋನಿಯೋ ಪಾರಿಯೆತ್ತಿ ಎಂಬ ಎಂಜಿನಿಯರ್ 1932ರಲ್ಲಿ ಮುಗಿಸಿದ ರಸ್ತೆ ಇದು. ಏರು ಕಡಿದಾಗದಿರಲೆಂದು ಅಷ್ಟು ಉದ್ದಕ್ಕೆ ಎಳೆದು, ಸುತ್ತಿ, ಮಡಿಸಿದ್ದಾನೆ. ವರ್ಷಗಟ್ಟಲೆ ಫೋಟೋಗಳಲ್ಲಿ ನೋಡಿ ಆಸೆಪಟ್ಟಿದ್ದ ಆ ತಿರುವನ್ನು ನಾನು ತಲೆ ಎತ್ತಿ ನೋಡದೆಯೇ ದಾಟಿದೆ. ಏರಲು ಒಂದು ಗಂಟೆ ಮೂವತ್ತೆಂಟು ನಿಮಿಷ ಹಿಡಿಯಿತು. ಸಂಜೆ ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಸಣ್ಣ ಮೂಳೆಯೊಂದು ಬಿರುಕು ಬಿಟ್ಟದ್ದು ಕಂಡಿತು. ಎಂಟು ವಾರ ಪ್ಲಾಸ್ಟರ್.

ಬಸ್ಸು ಮುಂದೆ ಬಂದಾಗ ನಾನು ಬದಿಗೆ ನಿಂತು ಹತ್ತು ನಿಮಿಷ ಕಾಯಬೇಕಿತ್ತು. ಇಷ್ಟೇ. ಅದು ಹೋದ ಮೇಲೆ, ನೇರ ದಾರಿಯಲ್ಲಿ ಬ್ರೇಕು ಬಿಟ್ಟು, ತಿರುವಿಗೆ ಮುನ್ನ ಎರಡೂ ಬ್ರೇಕುಗಳನ್ನು ಗಟ್ಟಿಯಾಗಿ, ಕ್ಷಣಕಾಲ ಮಾತ್ರ ಒತ್ತಿ, ತಿರುವಿನೊಳಗೆ ಮತ್ತೆ ಸಡಿಲಿಸಬೇಕಿತ್ತು. ಬೆನ್ನು ನೆಟ್ಟಗೆ ಮಾಡಿ ಎದೆಯನ್ನು ಗಾಳಿಗೆ ಒಡ್ಡಿದರೆ ಅದೂ ಒಂದು ಬ್ರೇಕೇ.

ನಿಮ್ಮ ಗೇರಿನ ಪ್ರಶ್ನೆಗೆ ಉತ್ತರ ಚಿಕ್ಕದು: ಮುಂದೆ 34 ಹಲ್ಲಿದ್ದರೆ ಹಿಂದೆ 28ರಲ್ಲೂ ಏರಬಹುದು, ಆದರೆ ಇನ್ನೂ ಹಗುರವಾಗಿ ತುಳಿಯಬಹುದಾದ 32 ಅಥವಾ 34 ಸಿಗುವಾಗ ಮಂಡಿಯನ್ನೇಕೆ ಸವೆಸುತ್ತೀರಿ? ಅದಕ್ಕಿಂತ ಮುಖ್ಯವಾಗಿ, ಡಿಸ್ಕ್ ಬ್ರೇಕಿನ ಸೈಕಲ್ಲನ್ನೇ ಬಾಡಿಗೆಗೆ ತೆಗೆದುಕೊಳ್ಳಿ, ಅದರಲ್ಲಿ ಶಾಖ ಟ್ಯೂಬಿನ ಹತ್ತಿರ ಸುಳಿಯುವುದಿಲ್ಲ. ಎರಡು ಟ್ಯೂಬು ಇಟ್ಟುಕೊಳ್ಳಿ. ಅಂಗಡಿಯಿಂದ ಹೊರಡುವ ಮುನ್ನ ಯಾವ ಲಿವರ್ ಯಾವ ಗಾಲಿಯದೆಂದು ಒತ್ತಿ ನೋಡಿ. ಆ ಕಡೆಯ ದೇಶಗಳಲ್ಲಿ ಸಾಮಾನ್ಯವಾಗಿ ಎಡ ಲಿವರ್ ಮುಂದಿನ ಗಾಲಿಯದು, ರಸ್ತೆಯಲ್ಲಿ ಸಾಗಬೇಕಾದದ್ದೂ ಬಲಬದಿಯಲ್ಲಿ. ಬೆಳಿಗ್ಗೆ ಏಳಕ್ಕೆ ಹೊರಡಿ, ಬಸ್ಸುಗಳು ಬರುವ ಹೊತ್ತಿಗೆ ನೀವು ಮತ್ತೆ ಮೇಲಿರಬೇಕು.

ಮುಂದಿನ ಭಾನುವಾರ ನಂದಿಗೆ ಹೋದಾಗ ಏರಿದ ಸಮಯವನ್ನು ಬರೆದಿಡಬೇಡಿ. ಇಳಿಯುವಾಗ ಒಂದೊಂದು ತಿರುವಿಗೂ ಎಷ್ಟು ಹೊತ್ತು ಬ್ರೇಕು ಹಿಡಿದಿರಿ ಎಂದು ಮನಸ್ಸಿನಲ್ಲೇ ಎಣಿಸಿ. ಎಣಿಕೆ ಮೂರನ್ನು ದಾಟುತ್ತಿದ್ದರೆ ಮತ್ತೆ ಮೇಲೆ ಹೋಗಿ ಇನ್ನೊಮ್ಮೆ ಇಳಿಯಿರಿ.