ನವದುರ್ಗಗಳನ್ನು ಒಂಬತ್ತು ಭಾನುವಾರಗಳಲ್ಲಿ ಹತ್ತಿ ಮುಗಿಸಬಹುದೇ?

ತುಮಕೂರಿನಲ್ಲಿದ್ದುಕೊಂಡು ವಾರಕ್ಕೊಂದರಂತೆ ಒಂಬತ್ತೂ ದುರ್ಗಗಳನ್ನು ಹತ್ತಿ ಮುಗಿಸಲು ಸಾಧ್ಯವೇ, ಯಾವುದರಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ. ಸಾಧ್ಯವಿದೆ. ಆದರೆ ಹಾಗೆ ಮಾಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ನಾನೂ ತುಮಕೂರಿನವಳೇ. ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಮೊದಲ ನಾಲ್ಕನ್ನು ಅವಸರದಲ್ಲಿ ಹತ್ತಿದೆನಲ್ಲ ಎಂಬ ಕೊರಗು ಇನ್ನೂ ಇದೆ.

ಓದುವ ಬೇರೆಯವರಿಗಾಗಿ ಹೇಳುತ್ತೇನೆ: ಇಲ್ಲಿ ನವದುರ್ಗ ಎಂದರೆ ನವರಾತ್ರಿಯ ದೇವಿಯರಲ್ಲ, ಬೆಂಗಳೂರಿನ ಸುತ್ತ ಇರುವ ಒಂಬತ್ತು ಕೋಟೆ ಬೆಟ್ಟಗಳು. ದೇವರಾಯನದುರ್ಗ, ಚನ್ನರಾಯನದುರ್ಗ, ಹುತ್ರಿದುರ್ಗ, ಹುಲಿಯೂರುದುರ್ಗ ಈ ನಾಲ್ಕು ನಮ್ಮ ಜಿಲ್ಲೆಯವು. ನಂದಿದುರ್ಗ ಚಿಕ್ಕಬಳ್ಳಾಪುರದ್ದು, ಮಾಕಳಿದುರ್ಗ ದೊಡ್ಡಬಳ್ಳಾಪುರದ್ದು. ಸಾವನದುರ್ಗ, ಭೈರವದುರ್ಗ ಮಾಗಡಿಯ ಕಡೆಗೆ, ಕಬ್ಬಾಳದುರ್ಗ ಕನಕಪುರದ ಕಡೆಗೆ. ಮಧುಗಿರಿಯ ಮಹಾಬಂಡೆ ಈ ಪಟ್ಟಿಯಲ್ಲಿಲ್ಲ. ನಮ್ಮ ಜಿಲ್ಲೆಯವರಿಗೆ ಇದು ನೋವಿನ ಸಂಗತಿಯೇ. ಹತ್ತನೆಯದಾಗಿ ಅದನ್ನೂ ಸೇರಿಸಿಕೊಳ್ಳಿ.

ಆರಂಭಕ್ಕೆ ದೇವರಾಯನದುರ್ಗ ಸರಿ. ಊರಿಗೆ ಹತ್ತಿರ, ಯೋಗನರಸಿಂಹನ ಗುಡಿಯವರೆಗೆ ಮೆಟ್ಟಿಲುಗಳಿವೆ, ಕಾಲಿಗೆ ಅಭ್ಯಾಸವಾಗುತ್ತದೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಹೋದರೆ ಜಾಲಾರಿ ಮರಗಳು ಹೂಬಿಟ್ಟು ಕಾಡೆಲ್ಲ ಘಮಘಮಿಸುತ್ತಿರುತ್ತದೆ. ಶಿಂಷಾ, ಜಯಮಂಗಲಿ ಎರಡೂ ಹುಟ್ಟುವುದು ಈ ಬೆಟ್ಟಸಾಲಿನಲ್ಲೇ. ಒಂದು ಕಾವೇರಿಯ ಕಡೆಗೆ, ಇನ್ನೊಂದು ಉತ್ತರ ಪಿನಾಕಿನಿಯ ಕಡೆಗೆ ಹೋಗುತ್ತದೆ. ಮೇಲೆ ನಿಂತಾಗ ಇದು ನೆನಪಿರಲಿ.

ನನ್ನ ನಡಿಗೆ ಬದಲಾದದ್ದು ಚನ್ನರಾಯನದುರ್ಗದಲ್ಲಿ. ಕೊರಟಗೆರೆ ದಾಟಿ ಮಧುಗಿರಿಯ ಹಾದಿಯಲ್ಲಿ ಸಾಗಿ, ಹೆದ್ದಾರಿ ಬಿಟ್ಟು ಒಳಗೆ ಹೋಗಬೇಕು. ಅಂದು ಬೆಟ್ಟದ ಮೇಲೆ ನಾನು, ನನ್ನ ತಮ್ಮ, ಕುರಿ ಕಾಯುವ ಒಬ್ಬ ಅಜ್ಜ, ಇಷ್ಟೇ ಜನ. ಎರಡನೆಯ ಸುತ್ತಿನ ಕೋಟೆ ದಾಟುವಷ್ಟರಲ್ಲಿ ನಮ್ಮ ನೀರು ಖಾಲಿಯಾಗಿತ್ತು. ಅಜ್ಜ ಮಾತಾಡದೆ ಕೋಲಿನಿಂದ ಬಂಡೆಯನ್ನು ತೋರಿಸಿದರು. ಬೆರಳಗಲದ ಒಂದು ಗೆರೆ, ಉಳಿಯಿಂದ ಕೊರೆದದ್ದು, ಇಳಿಜಾರಿನಲ್ಲಿ ಓರೆಯಾಗಿ ಹರಿದು ಕೆಳಗಿನ ದೊಣೆಗೆ, ಅಂದರೆ ಬಂಡೆಯಲ್ಲಿನ ನೀರಿನ ಹೊಂಡಕ್ಕೆ, ಸೇರುತ್ತಿತ್ತು. ಬಂಡೆಯ ಮೇಲೆ ಬಿದ್ದ ಮಳೆ ಪೋಲಾಗದಂತೆ ಯಾರೋ ಕೂತು ಕೊರೆದ ಕಾಲುವೆ. ದೊಣೆಯ ನೀರು ಹಸಿರಾಗಿತ್ತು, ಅಂಚಿನಲ್ಲಿ ಒಂದು ಕಪ್ಪೆ ಗಂಟಲು ಮಿಡಿಸುತ್ತ ಕುಳಿತಿತ್ತು. ನಾವು ಕುಡಿಯಲಿಲ್ಲ, ಮುಖ ತೊಳೆದುಕೊಂಡೆವು. ಕೋಟೆಯ ಜನ ಬೇಸಿಗೆ ಕಳೆದದ್ದು, ಮುತ್ತಿಗೆ ತಡೆದದ್ದು ಇಂಥ ನೀರನ್ನೇ ನಂಬಿಕೊಂಡು ಎಂದು ಹೊಳೆದಾಗ ಮೈ ಜುಮ್ಮೆಂದಿತು. ಅಂದಿನಿಂದ ಯಾವ ದುರ್ಗಕ್ಕೆ ಹೋದರೂ ತುದಿ ಮುಟ್ಟುವ ಮೊದಲು ದೊಣೆ ಎಲ್ಲಿದೆ ಎಂದು ಹುಡುಕುತ್ತೇನೆ. ಬೆಟ್ಟವನ್ನು ಓದುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಅವಸರ ಬೇಡ ಎಂದೆನಲ್ಲ, ಕಾರಣ ಭೈರವದುರ್ಗ. ಹುತ್ರಿದುರ್ಗಕ್ಕೆ ಹತ್ತಿರವಿದೆಯೆಂದು ಎರಡನ್ನೂ ಒಂದೇ ದಿನ ಹತ್ತಿದೆ. ಹುತ್ರಿದುರ್ಗದ ಏಳು ಸುತ್ತಿನ ಕೋಟೆ, ನೆತ್ತಿಯ ಶಂಕರೇಶ್ವರನ ಗುಡಿ, ದೂರದಲ್ಲಿ ಸಾವನದುರ್ಗ ಎಲ್ಲವೂ ಕಣ್ಣಿಗೆ ಕಟ್ಟಿದಂತಿವೆ. ಭೈರವದುರ್ಗದ್ದು ಮಾತ್ರ ಮೊಬೈಲಿನಲ್ಲಿ ಮೂರು ಚಿತ್ರ, ತಲೆಯಲ್ಲಿ ಏನೂ ಇಲ್ಲ. ಮೂರು ತಿಂಗಳ ನಂತರ ಅದೊಂದಕ್ಕಾಗಿಯೇ ಮತ್ತೆ ಹೋಗಿ, ಮಧ್ಯಾಹ್ನದವರೆಗೆ ಕುಳಿತು ಬಂದೆ. ಲೆಕ್ಕಕ್ಕೆ ಹಿಡಿದದ್ದು ಈ ಎರಡನೆಯ ಹತ್ತಾಟವನ್ನೇ.

ಸಾವನದುರ್ಗ, ನಂದಿದುರ್ಗಗಳಿಗೆ ಹೋಗುವ ಮುನ್ನ ಟಿಪ್ಪುವಿಗೂ ಬ್ರಿಟಿಷರಿಗೂ ನಡೆದ ಮೂರನೆಯ ಮೈಸೂರು ಯುದ್ಧದ ಬಗ್ಗೆ ಸ್ವಲ್ಪ ಓದಿಕೊಳ್ಳಿ. 1791ರ ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರಿನಲ್ಲಿ ಸಾವನದುರ್ಗ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯದ ವಶವಾದವು. ಸಾವನದುರ್ಗದ ಕರಿಗುಡ್ಡದ ಮೇಲೆ ಅಂಗೈ ಊರಿ ಹತ್ತುವಾಗ ಆ ಓದು ಬೇರೆಯೇ ಅರ್ಥ ಕೊಡುತ್ತದೆ. ಮಾಕಳಿದುರ್ಗದಲ್ಲಿ ರೈಲು ಹಳಿಯ ಮೇಲೆ ನಡೆಯಲೇಬೇಡಿ. ಕಬ್ಬಾಳದುರ್ಗದಲ್ಲಿ ಕೆಳಗೆ ಕಬ್ಬಾಳಮ್ಮನಿಗೆ ಕೈಮುಗಿದು ಹತ್ತಿ.

ಹುಲಿಯೂರುದುರ್ಗ ನೋಡಲು ಚಿಕ್ಕದು. ಅದನ್ನು ಹಗುರವಾಗಿ ಎಣಿಸಿದ್ದೇ ನನ್ನ ತಪ್ಪು. ಶ್ರಾವಣದ ಜಡಿಮಳೆ ನಿಂತ ಮರುದಿನ ಹೋದೆ. ಬಂಡೆಯ ಮೇಲಿನ ಕಪ್ಪು ಪಾಚಿ ನೆನೆದು ಸೋಪಿನಂತಾಗಿತ್ತು. ಇಳಿಯುವಾಗ ಜಾರಿ ಕಣಕಾಲು ಉಳುಕಿತು. ಊರಿನ ಇಬ್ಬರು ಹುಡುಗರು ಹೆಗಲು ಕೊಟ್ಟು ರಸ್ತೆಯವರೆಗೆ ಕರೆತಂದರು. ಹಣ ಕೊಡಲು ಹೋದರೆ ಬೇಡವೆಂದರು. ಆರು ವಾರ ಮನೆಯಲ್ಲಿದ್ದೆ. ತಿಂಗಳುಗಳು ಕಳೆದು, ಸಂಕ್ರಾಂತಿಯ ಮರುದಿನ ಒಣಬಂಡೆಯ ಮೇಲೆ ಬರಿಗಾಲಲ್ಲಿ ಹತ್ತಿ ನನ್ನ ಒಂಬತ್ತನ್ನು ಮುಗಿಸಿದೆ. ಎಳ್ಳುಬೆಲ್ಲದ ಒಂದು ಪೊಟ್ಟಣ ಆ ಹುಡುಗರಿಗೆಂದು ತಂದಿದ್ದೆ. ಒಬ್ಬ ಸಿಕ್ಕಿದ, ಇನ್ನೊಬ್ಬ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿದ್ದ.

ಇನ್ನು ಸಿದ್ಧತೆ. ಕೆಲವು ಬೆಟ್ಟಗಳಿಗೆ ಅರಣ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನಿನಲ್ಲಿ ಮೊದಲೇ ಪಡೆಯಬೇಕು, ಹೊರಡುವ ವಾರ ನೋಡಿಕೊಳ್ಳಿ. ಕಡಿದಾದ ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಸುಗಂಧ ಹಚ್ಚಿಕೊಳ್ಳಬೇಡಿ, ಹೊಗೆ ಎಬ್ಬಿಸಬೇಡಿ. ತಲೆಗೆ ಮೂರು ಲೀಟರ್ ನೀರು ಇರಲಿ. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಸಂಜೆಯವರೆಗೂ ಕೆಡುವುದಿಲ್ಲ. ಒಬ್ಬರೇ ಹೋಗಬೇಡಿ, ಹತ್ತುವ ಮೊದಲು ಬುಡದ ಊರಿನಲ್ಲಿ ಯಾರಿಗಾದರೂ ಹೇಳಿ ಹೋಗಿ.

ತಿಂಗಳಿಗೊಂದು ಸಾಕು. ದೇವರಾಯನದುರ್ಗದಿಂದ ಆರಂಭಿಸಿ, ಹುಲಿಯೂರುದುರ್ಗವನ್ನು ಚಳಿಗಾಲಕ್ಕೆ ಉಳಿಸಿಕೊಳ್ಳಿ. ಅಂದು ಕುಣಿಗಲ್ ಕಡೆಯ ಮೊದಲ ಬಸ್ಸನ್ನೇ ಹಿಡಿಯಿರಿ. ಬಂಡೆ ಕಾಯುವ ಮುಂಚೆ ಇಳಿದು ಬಂದಿರುತ್ತೀರಿ.