ಫ್ಯಾಕ್ಟರ್ ಅನಾಲಿಸಿಸ್ಸೋ ಕ್ಲಸ್ಟರೋ? ಮೊದಲು ರೊಟ್ಟಿ, ಅನ್ನ ಬೇರೆ ಮಾಡಿ

ನೀವು ಕೇಳಿದ್ದು ಇಷ್ಟು: ಪುಣೆಯಲ್ಲಿ ನ್ಯೂಟ್ರಿಷನ್ ಎಂ.ಎಸ್ಸಿ. ಮಾಡುತ್ತಿದ್ದೀರಿ. ಅಲ್ಲಿ ನೆಲೆಸಿರುವ ಕನ್ನಡ ಮನೆಗಳ 180 ಜನರನ್ನು ಕೇಳಿ, 92 ತಿನಿಸುಗಳಲ್ಲಿ ಯಾವುದನ್ನು ವಾರಕ್ಕೆ ಎಷ್ಟು ಸಲ ತಿನ್ನುತ್ತಾರೆ ಅಂತ ಬರೆದುಕೊಂಡಿದ್ದೀರಿ. ಗೈಡ್ ಫ್ಯಾಕ್ಟರ್ ಅನಾಲಿಸಿಸ್ (ಜೊತೆಜೊತೆಗೆ ತಿನ್ನುವ ತಿನಿಸುಗಳನ್ನು ಹುಡುಕುವ ಲೆಕ್ಕ) ಮಾಡಿ ಅಂದರು, ಸೀನಿಯರ್ ಒಬ್ಬರು ಕ್ಲಸ್ಟರ್ (ಒಂದೇ ಥರ ತಿನ್ನುವ ಜನರನ್ನು ಗುಂಪು ಮಾಡುವ ಲೆಕ್ಕ) ಮಾಡಿ ಅಂದರು. ಯಾವುದು ಸರಿ?

ನಾನು ಮುಂಬೈಯಲ್ಲಿ ಆರೋಗ್ಯ ಸಮೀಕ್ಷೆಗಳ ಲೆಕ್ಕ ನೋಡುವ ಕೆಲಸದಲ್ಲಿದ್ದೇನೆ. ನನ್ನ ಉತ್ತರ: ಎರಡರಲ್ಲಿ ಯಾವುದನ್ನು ಹಿಡಿದರೂ ಥೀಸಿಸ್ ಕೆಡುವುದಿಲ್ಲ. ಕೆಡುವುದು ಅದಕ್ಕೂ ಮುಂಚೆ, ಆ 92 ತಿನಿಸುಗಳನ್ನು ಗುಂಪು ಮಾಡುವಾಗ. ಸಾಫ್ಟ್‌ವೇರ್ ಯಾವುದೇ ಇರಲಿ, ನೀವು ಒಟ್ಟಿಗೆ ಹಾಕಿದ್ದನ್ನು ಅದು ಬಿಡಿಸಿ ಕೊಡುವುದಿಲ್ಲ.

180 ಜನರಿಗೆ 92 ಕಾಲಂ ತುಂಬಾ ಜಾಸ್ತಿ. 25ರ ಆಸುಪಾಸಿಗೆ ಇಳಿಸಬೇಕು. ಹೆಚ್ಚಿನವರು ಇಲ್ಲಿ ಪಠ್ಯಪುಸ್ತಕದ ಪಟ್ಟಿ ತೆಗೆದು ಧಾನ್ಯ, ಬೇಳೆ, ತರಕಾರಿ, ಹಾಲು ಅಂತ ಹಾಕಿಬಿಡುತ್ತಾರೆ. ನಿಮ್ಮ ಜನರಿಗೆ ಇದು ಒಗ್ಗುವುದಿಲ್ಲ. ಕಲಬುರಗಿ ಕಡೆಯ ಮನೆಯಲ್ಲಿ ದಿನಾ ಜೋಳದ ರೊಟ್ಟಿ, ಉಡುಪಿ ಕಡೆಯ ಮನೆಯಲ್ಲಿ ಕುಚ್ಚಲಕ್ಕಿ ಅನ್ನ. ಎರಡನ್ನೂ 'ಧಾನ್ಯ' ಅಂದರೆ ಇಬ್ಬರೂ ಒಂದೇ ಆಗಿ ಕಾಣುತ್ತಾರೆ. ನೀವು ಹುಡುಕಲು ಹೊರಟ ವ್ಯತ್ಯಾಸವೇ ಅಲ್ಲಿ ಅಳಿಸಿಹೋಯಿತು. ಜೋಳದ ರೊಟ್ಟಿ, ಚಪಾತಿ, ಬಿಳಿ ಅನ್ನ, ಕುಚ್ಚಲಕ್ಕಿ, ದೋಸೆ-ಇಡ್ಲಿ ಇವು ಬೇರೆ ಬೇರೆ ಇರಲಿ. ಜಾಗ ಬೇಕಾದರೆ ತರಕಾರಿಗಳನ್ನು ಒಟ್ಟು ಮಾಡಿ, ಆದರೆ ಸೊಪ್ಪನ್ನು ಮಾತ್ರ ಬೇರೆ ಇಡಿ.

ಸೊಪ್ಪಿಗೆ ಇಷ್ಟು ಒತ್ತು ಯಾಕೆಂದರೆ, ನಿಮ್ಮ ಊರಿನ ಸುತ್ತಲೇ ಅದಕ್ಕೆ ಸಾಕ್ಷಿ ಇದೆ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಸಂಶೋಧಕರು 1993ರಲ್ಲಿ ಸಮೀಪದ ಆರು ಹಳ್ಳಿಗಳಲ್ಲಿ ಗರ್ಭಿಣಿಯರ ಆಹಾರದ ಅಧ್ಯಯನ ಶುರು ಮಾಡಿದರು. 2001ರಲ್ಲಿ ಬಂದ ಫಲಿತಾಂಶದಲ್ಲಿ, ತಾಯಿ ತಿಂದ ಒಟ್ಟು ಕ್ಯಾಲೊರಿಗೂ ಪ್ರೋಟೀನಿಗೂ ಮಗುವಿನ ಹುಟ್ಟುತೂಕಕ್ಕೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ಹಾಲು, ಹಸಿರು ಸೊಪ್ಪು, ಹಣ್ಣು ಎಷ್ಟು ಸಲ ತಿಂದರು ಎನ್ನುವುದರ ಜೊತೆ ಕಂಡಿತು. ಅದರ ಮುಂದುವರಿಕೆ ಎನ್ನುವಂತೆ 2006ರಿಂದ ಮುಂಬೈಯ ಕೊಳೆಗೇರಿಗಳಲ್ಲಿ, ಸೊಪ್ಪು, ಹಣ್ಣು, ಹಾಲು ಸೇರಿಸಿದ ತಿಂಡಿಯನ್ನು ಹೆಂಗಸರಿಗೆ ದಿನಾ ಕೊಟ್ಟು ನೋಡುವ ಪ್ರಯೋಗವೂ ನಡೆಯಿತು. ಸೊಪ್ಪನ್ನು 'ತರಕಾರಿ'ಯಲ್ಲಿ ಮುಳುಗಿಸಿದ್ದರೆ ಇದೆಲ್ಲ ಹೊರಗೆ ಬರುತ್ತಿತ್ತೇ?

ವಡಾಪಾವ್ ಎಲ್ಲಿ ಹಾಕಬೇಕು ಅಂತ ನಿಮಗೂ ತಲೆ ಕೆಟ್ಟಿರಬೇಕು. ಬ್ರೆಡ್ಡೂ ಹೌದು, ಆಲೂಗಡ್ಡೆಯೂ ಹೌದು, ಕರಿದದ್ದೂ ಹೌದು. ನಾನಾದರೆ ಮಿಸಳ್, ಸಮೋಸಾ, ಭಜಿ ಜೊತೆ 'ಹೊರಗಿನ ಕರಿದ ತಿಂಡಿ' ಅಂತ ಒಂದು ಗುಂಪು ಮಾಡುತ್ತೇನೆ. ಮಿಸಳ್ ಕರಿದದ್ದಲ್ಲ ಅಂತ ಪುಣೆಯವರು ಜಗಳಕ್ಕೆ ಬರಬಹುದು, ಮೇಲೆ ಉದುರಿಸಿದ ಫರಸಾಣ (ಕರಿದ ಸೇವು) ತೋರಿಸಿ. ಜನ ಏನನ್ನು ಯಾವುದರ ಬದಲಿಗೆ ತಿನ್ನುತ್ತಾರೆ ಎನ್ನುವುದೇ ಗುಂಪಿನ ಅಳತೆ.

ಮುಂದಿನ ತೊಡಕು ಮೀನು. ಅರ್ಧ ಜನ ಸಸ್ಯಾಹಾರಿಗಳಾದರೆ ಮೀನು, ಮಾಂಸದ ಕಾಲಂ ತುಂಬಾ ಬರೀ ಸೊನ್ನೆ. ಆಗ ಮೊದಲ ಫ್ಯಾಕ್ಟರ್, ಅಂದರೆ ಒಟ್ಟಿಗೆ ಏರಿಳಿಯುವ ತಿನಿಸುಗಳ ಮೊದಲ ಜೋಡಣೆ, 'ತಿನ್ನುವವರು, ತಿನ್ನದವರು' ಅಂತ ಬರುತ್ತದೆ. ಅದನ್ನು ತಿಳಿಯಲು ಕಂಪ್ಯೂಟರ್ ಬೇಕಿರಲಿಲ್ಲ, ಅಲ್ವಾ? ಮೀನು, ಮಾಂಸದ ಕಾಲಂ ಬಿಟ್ಟು ಒಮ್ಮೆ ಮಾಡಿ ನೋಡಿ. ಉಳಿದ ಊಟದಲ್ಲಿ ಎರಡು ಗುಂಪಿನವರೂ ಒಂದೇ ಥರ ಇದ್ದಾರಾ ಅಂತ ಅದರಲ್ಲಿ ತಿಳಿಯುತ್ತದೆ. ಹಾಗೆಯೇ ಯಾವ ತಿಂಗಳಲ್ಲಿ ಕೇಳಿದಿರಿ ಎನ್ನುವ ಕಾಲಂ ಇಡಿ. ಶ್ರಾವಣದಲ್ಲಿ ಕೇಳಿದವರ ಉತ್ತರದಲ್ಲಿ ಬಂಗುಡೆ ಕಡಿಮೆ, ಸಾಬೂದಾಣೆ ಖಿಚಡಿ ಜಾಸ್ತಿ ಇದ್ದೇ ಇರುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಕಾಲಂಗಳನ್ನು ಮೊದಲು ಒಂದೇ ಅಳತೆಗೆ ತನ್ನಿ, ಇಲ್ಲದಿದ್ದರೆ ದಿನಕ್ಕೆ ಮೂರು ಸಲ ಕುಡಿಯುವ ಚಹಾವೇ ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ. ಆಮೇಲೆ ಒಟ್ಟು ಕ್ಯಾಲೊರಿಯ ಪ್ರಭಾವ ತೆಗೆಯಿರಿ. ಪ್ರತಿ ತಿನಿಸಿನ ಗುಂಪನ್ನೂ ಒಟ್ಟು ಕ್ಯಾಲೊರಿಯ ಮೇಲೆ ರಿಗ್ರೆಷನ್ ಮಾಡಿ (ಅಷ್ಟು ಕ್ಯಾಲೊರಿ ತಿನ್ನುವವರು ಅದನ್ನು ಎಷ್ಟು ತಿನ್ನಬಹುದು ಎನ್ನುವ ಅಂದಾಜು), ಆ ಅಂದಾಜಿಗೂ ನಿಜವಾಗಿ ತಿಂದದ್ದಕ್ಕೂ ಇರುವ ವ್ಯತ್ಯಾಸವಾದ ಉಳಿಕೆಯನ್ನು ಮಾತ್ರ ಬಳಸುವುದು ರೂಢಿ. ಇದನ್ನು ಬಿಟ್ಟರೆ ಮೊದಲ ಫ್ಯಾಕ್ಟರಿನಲ್ಲಿ ಎಲ್ಲ ತಿನಿಸಿಗೂ ಪ್ಲಸ್ ಚಿಹ್ನೆ ಬರುತ್ತದೆ. ಅದರರ್ಥ ಇಷ್ಟೇ, ಕೆಲವರು ಎಲ್ಲವನ್ನೂ ಜಾಸ್ತಿ ತಿನ್ನುತ್ತಾರೆ. ಕ್ಯಾಲೊರಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕಗಳಿವೆ. 528 ಪದಾರ್ಥಗಳಿವೆ, ಆದರೆ ಹಸಿ ಪದಾರ್ಥಗಳ ಲೆಕ್ಕ. ಒಂದು ವಾಟಿ ಸಾರಿನಲ್ಲಿ ಬೇಳೆ ಎಷ್ಟು, ಎಣ್ಣೆ ಎಷ್ಟು ಅಂತ ನೀವೇ ಅಳೆದು ತರಬೇಕು. ಬೇಸರದ ಕೆಲಸ, ತಪ್ಪಿಸಿಕೊಳ್ಳಬೇಡಿ.

ಫ್ಯಾಕ್ಟರ್ ಅನಾಲಿಸಿಸ್ ತಿನಿಸುಗಳನ್ನು ಜೋಡಿಸುತ್ತದೆ, ಕ್ಲಸ್ಟರ್ ಜನರನ್ನು ಜೋಡಿಸುತ್ತದೆ. ಮೊದಲನೆಯದರಲ್ಲಿ ಒಬ್ಬರಿಗೆ ರೊಟ್ಟಿ-ಶೇಂಗಾ ಫ್ಯಾಕ್ಟರಿನಲ್ಲೂ ಅಂಕ ಸಿಗುತ್ತದೆ, ಹೊರಗಿನ ತಿಂಡಿಯದರಲ್ಲೂ ಸಿಗುತ್ತದೆ. ಎರಡನೆಯದರಲ್ಲಿ ಒಬ್ಬರು ಒಂದೇ ಗುಂಪಿಗೆ ಸೇರಬೇಕು. ವಲಸೆ ಬಂದವರ ಊಟ ಹಾಗೆ ಒಂದೇ ಕಡೆ ನಿಲ್ಲುವುದಿಲ್ಲ: ಬೆಳಿಗ್ಗೆ ಪೋಹೆ, ಮಧ್ಯಾಹ್ನ ಡಬ್ಬಿಯಲ್ಲಿ ಚಪಾತಿ, ರಾತ್ರಿ ಊರಿನ ಅಡುಗೆ. ಅದಕ್ಕೇ ನನ್ನ ಓಟು ನಿಮ್ಮ ಗೈಡ್ ಕಡೆಗೆ. ಎಷ್ಟು ಫ್ಯಾಕ್ಟರ್ ಇಟ್ಟುಕೊಳ್ಳುವುದು? ಒಂದು ಫ್ಯಾಕ್ಟರ್ ಎಷ್ಟು ಏರುಪೇರನ್ನು ವಿವರಿಸುತ್ತದೆ ಎಂದು ಹೇಳುವ ಅಂಕಿಯೇ ಐಗನ್ ಮೌಲ್ಯ; 'ಐಗನ್ ಮೌಲ್ಯ 1ಕ್ಕಿಂತ ಜಾಸ್ತಿ' ಎನ್ನುವ ನಿಯಮವೊಂದನ್ನೇ ನಂಬಿದರೆ ಬೇಡದಷ್ಟು ಸಿಗುತ್ತವೆ. ಆ ಮೌಲ್ಯಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಹಾಕಿದ ಗ್ರಾಫ್, ಅಂದರೆ ಸ್ಕ್ರೀ ಪ್ಲಾಟಿನಲ್ಲಿ ಗೆರೆ ಎಲ್ಲಿ ಬಾಗುತ್ತದೆ ನೋಡಿ, ಅರ್ಥ ಆಗುವ ಎರಡು-ಮೂರನ್ನು ಇಡಿ. ಪ್ರತಿ ಫ್ಯಾಕ್ಟರಿನಲ್ಲೂ ಕೆಲವೇ ತಿನಿಸುಗಳು ಎದ್ದು ಕಾಣುವಂತೆ ಮಾಡಲು ವ್ಯಾರಿಮ್ಯಾಕ್ಸ್ ರೊಟೇಷನ್ ಸಾಕು. ಒಟ್ಟು ಏರುಪೇರಿನಲ್ಲಿ ಕಾಲು ಭಾಗವಷ್ಟೇ ವಿವರಣೆ ಸಿಕ್ಕಿತು ಅಂತ ಗಾಬರಿ ಬೇಡ, ಆಹಾರದ ಮಾಹಿತಿ ಇರುವುದೇ ಹಾಗೆ.

ವೈವಾದಲ್ಲಿ 'ಮೆಡಿಟರೇನಿಯನ್ ಸ್ಕೋರ್ ಯಾಕೆ ಹಾಕಲಿಲ್ಲ' ಅಂತ ಯಾರಾದರೂ ಕೇಳಬಹುದು. ಊಟ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಪದ್ಧತಿಗೆ ಎಷ್ಟು ಹತ್ತಿರ ಅಂತ ಅಂಕ ಕೊಡುವ ಕ್ರಮ ಅದು. 1995ರಲ್ಲಿ ಗ್ರೀಸ್‌ನ ಹಿರಿಯರ ಅಧ್ಯಯನದಿಂದ ಬಂದ ಆ ಸ್ಕೋರಿನಲ್ಲಿ ಮಿತವಾಗಿ ಮದ್ಯ ಕುಡಿದರೂ ಒಂದು ಅಂಕ ಇದೆ. ನಿಮ್ಮ ಪಟ್ಟಿಯಲ್ಲಿರುವ ಅಜ್ಜಿಯರಿಗೆ ಆ ಅಂಕ ಹೇಗೂ ಸಿಗುವುದಿಲ್ಲ. ಇಂಥ ಸ್ಕೋರುಗಳು 'ಊಟ ಒಳ್ಳೆಯದೋ' ಎನ್ನುವ ಪ್ರಶ್ನೆಗೆ. ನಿಮ್ಮದು 'ಊಟ ಹೇಗಿದೆ' ಎನ್ನುವ ಪ್ರಶ್ನೆ.

ಫ್ಯಾಕ್ಟರಿಗೆ 'ಸಾಂಪ್ರದಾಯಿಕ', 'ಆರೋಗ್ಯಕರ' ಅಂತ ಹೆಸರಿಡಬೇಡಿ. ವಿಜಯಪುರದ ಸಂಪ್ರದಾಯವೋ ಮಂಗಳೂರಿನದೋ? ಆ ಫ್ಯಾಕ್ಟರಿನಲ್ಲಿ ಹೆಚ್ಚು ಅಂಕ (ಲೋಡಿಂಗ್) ಬಂದ ತಿನಿಸುಗಳ ಹೆಸರನ್ನೇ ಇಡಿ.

ಒಂದು ವಿಷಯ ನೀವು ಬರೆದಿಲ್ಲ: ಈ 180 ಜನ ಎಷ್ಟು ಮನೆಯವರು? ಒಂದೇ ಮನೆಯ ಗಂಡ, ಹೆಂಡತಿ, ಅತ್ತೆ ಮೂವರೂ ಪಟ್ಟಿಯಲ್ಲಿದ್ದರೆ ಅವರ ಊಟ ಒಂದೇ ಪಾತ್ರೆಯದು. ಆಗ ಅವರನ್ನು ಮೂರು ಬೇರೆ ಬೇರೆ ಜನ ಅಂತ ಎಣಿಸುವ ಹಾಗಿಲ್ಲ. ಮನೆಗೊಬ್ಬರನ್ನು ಆರಿಸಿ ಇನ್ನೊಮ್ಮೆ ಮಾಡಿ, ಅದೇ ಫ್ಯಾಕ್ಟರುಗಳು ಬರುತ್ತವೆಯೇ ನೋಡಬೇಕು. ಮನೆಗಳ ಸಂಖ್ಯೆ ಹೇಳಿದರೆ, ಅಷ್ಟಕ್ಕೆ 25 ಗುಂಪು ತಡೆಯುತ್ತದೋ ಇಲ್ಲವೋ ಹೇಳುತ್ತೇನೆ.