ಜಗಳ ಆದಮೇಲೆ ವಾರಗಟ್ಟಲೆ ಮಾತು ಬಿಡ್ತೇವೆ, ಏನು ಮಾಡಲಿ?

ಜಗಳಕ್ಕಿಂತ ಆಮೇಲೆ ಗಂಡ ಮಾತು ಬಿಡೋದೇ ಜಾಸ್ತಿ ನೋವು ಅಂತ ಬರೆದಿದ್ದೀರಿ. ನಮ್ಮ ಮನೆಯಲ್ಲೂ ಹಾಗೇ ಇತ್ತು, ಅದಕ್ಕೇ ಉತ್ತರಿಸುತ್ತಿದ್ದೇನೆ. ನನ್ನ ತವರು ಕುಮಟಾ. ಗಂಡನ ಮನೆ ಶಿರಸಿ ಹತ್ತಿರ, ಅಡಿಕೆ ತೋಟದವರು.

2024ರ ಮಾರ್ಚ್. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಅಂತ ಅಪ್ಪ-ಅಮ್ಮ ಘಟ್ಟ ಹತ್ತಿ ಬಂದಿದ್ದರು. ಬಸ್ ಸ್ಟ್ಯಾಂಡಿನಿಂದ ಅವರನ್ನು ಕರೆತರಬೇಕಿದ್ದ ಇವರು, ಚಾಲಿ, ಅಂದರೆ ಒಣಗಿಸಿದ ಅಡಿಕೆ, ಸುಲಿಯುವವರು ಬಂದರು ಅಂತ ಆ ಗಡಿಬಿಡಿಯಲ್ಲಿ ಮರೆತೇಬಿಟ್ಟರು. ಆ ಬಿಸಿಲಲ್ಲಿ, ಜಾತ್ರೆ ಜನರ ನಡುವೆ ಇಬ್ಬರೂ ಒಂದೂವರೆ ತಾಸು ನಿಂತಿದ್ದರು. ಅವರು ಊರಿಗೆ ಹೋಗುವವರೆಗೆ ತಡೆದುಕೊಂಡೆ. ಹೋದ ಸಂಜೆಯೇ ಕೂಗಾಡಿದೆ. "ನಿಮಗೆ ಯಾವತ್ತೂ ಅಡಿಕೆನೇ ಹೆಚ್ಚು, ನಮ್ಮ ಕಡೆಯವರು ಲೆಕ್ಕಕ್ಕೇ ಇಲ್ಲ." ಇವರು ತುಟಿ ಬಿಚ್ಚಲಿಲ್ಲ. ಟಾರ್ಚ್ ತಗೊಂಡು ತೋಟಕ್ಕೆ ಇಳಿದರು.

ಐದು ದಿನ ಮಾತಿಲ್ಲ. ಮಗಳಿಗೆ ಆಗ ಆರು ವರ್ಷ. "ಅಪ್ಪನಿಗೆ ಊಟಕ್ಕೆ ಬರಲು ಹೇಳು", "ಆಯಿ ಹತ್ತಿರ ನನ್ನ ಅಂಗಿ ಎಲ್ಲಿ ಕೇಳು", ಎಲ್ಲ ಅವಳ ಮೂಲಕವೇ. ಐದನೇ ದಿನ ಅವಳು ಅಡುಗೆಮನೆ ಬಾಗಿಲಲ್ಲಿ ನಿಂತು ಒಮ್ಮೆ ಜಗಲಿ ಕಡೆ, ಒಮ್ಮೆ ನನ್ನ ಕಡೆ ನೋಡಿ, "ಅಪ್ಪ ಇಲ್ಲೇ ಇದ್ದ, ನೀನೇ ಹೇಳು" ಅಂದಳು. ಅಳಲಿಲ್ಲ. ಸಾಕಾಗಿಹೋದ ದೊಡ್ಡವರ ಧ್ವನಿ ಅದು.

ಅವತ್ತು ರಾತ್ರಿ ಮಾತಾಡಿದೆವು. ಚಿಕ್ಕವರಿದ್ದಾಗ ಇವರ ಮನೆಯಲ್ಲಿ ಸಿಟ್ಟು ಬಂತೆಂದರೆ ಪಾತ್ರೆ ಹಾರುತ್ತಿತ್ತಂತೆ. ಧ್ವನಿ ಏರಿದ ಕೂಡಲೇ ಎದ್ದು ಹೋಗೋದು ಅಲ್ಲಿಂದ ಬಂದ ಅಭ್ಯಾಸ. ಮದುವೆಯಾಗಿ ಎಂಟು ವರ್ಷ ನಾನು ಅದನ್ನು ತಾತ್ಸಾರ ಅಂದುಕೊಂಡಿದ್ದೆ! ನಾನು ಹಿಂದೆ ಬಿದ್ದು ಕೇಳಿದಷ್ಟೂ ಅವರು ದೂರ, ಅವರು ದೂರ ಹೋದಷ್ಟೂ ನನ್ನ ಕೂಗು ಜಾಸ್ತಿ. ನಿಮ್ಮಲ್ಲೂ ಹೀಗೇ ಅಲ್ವಾ?

ಆಮೇಲೆ ಓದಿ ತಿಳಿದದ್ದು: ದಂಪತಿಗಳ ಜಗಳವನ್ನೇ ದಶಕಗಟ್ಟಲೆ ಅಧ್ಯಯನ ಮಾಡಿದ ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ಗಾಟ್‌ಮನ್ ಪ್ರಕಾರ, ಜಗಳದಲ್ಲಿ ಎದೆಬಡಿತ ನಿಮಿಷಕ್ಕೆ 100 ದಾಟಿದರೆ ಎದುರಿನವರ ಮಾತು ತಲೆಗೆ ಹೋಗುವುದು ಕಷ್ಟ. ಶಾಂತವಾಗಲು ಕನಿಷ್ಠ 20 ನಿಮಿಷ ಬೇಕು. ಅಂದರೆ ಇವರು ತೋಟಕ್ಕೆ ಹೋಗಿದ್ದು ತಪ್ಪಲ್ಲ. ಯಾವಾಗ ಬರ್ತೇನೆ ಅಂತ ಹೇಳದೇ ಹೋಗಿದ್ದು ನನ್ನನ್ನು ಸುಟ್ಟಿತು.

ಈಗ ಇವರು "ತೋಟಕ್ಕೆ ಹೋಗಿ ಬರ್ತೇನೆ, ಚಾ ಹೊತ್ತಿಗೆ ಮಾತಾಡೋಣ" ಅಂತ ಹೇಳಿಯೇ ಹೋಗಬೇಕು. ನಾನು ಹಿಂದೆ ಹೋಗಬಾರದು. ಹೇಳಿದ ಹೊತ್ತಿಗೆ ಅವರೇ ಮಾತು ಶುರು ಮಾಡಬೇಕು. ನಾನು "ಯಾವತ್ತೂ" ಅನ್ನೋ ಪದ ಬಿಟ್ಟಿದ್ದೇನೆ, ಇದು ನನಗೆ ಬಹಳ ಕಷ್ಟವಾಯಿತು. "ಅಪ್ಪ-ಅಮ್ಮ ಬಿಸಿಲಲ್ಲಿ ನಿಂತಿದ್ದು ನೋಡಿ ನನಗೆ ಅವಮಾನ ಆಯ್ತು" ಅಂತ ಅವತ್ತೇ ಹೇಳಿದ್ದರೆ ಇವರು ಕೇಳುತ್ತಿದ್ದರು, ಯಾಕೆಂದರೆ ಐದು ದಿನ ಬಿಟ್ಟು ಅದನ್ನೇ ಹೇಳಿದಾಗ ಇವರ ಕಣ್ಣು ತುಂಬಿತು, ಮರುದಿನ ತಾವಾಗಿಯೇ ಅಪ್ಪನಿಗೆ ಫೋನ್ ಮಾಡಿದರು.

ಜಗಳ ನಿಂತಿಲ್ಲ. ಸೊಸೈಟಿ ಸಾಲದ ವಿಷಯಕ್ಕೆ ಇವತ್ತಿಗೂ ಆಗುತ್ತದೆ. ಆದರೆ ಮಗಳನ್ನು ನಡುವೆ ತಂದಿಲ್ಲ.

ಒಂದು ಮಾತು. ನಿಮ್ಮ ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ನಾನು ಹೇಳಿದ್ದು ಯಾವುದೂ ಬೇಡ. 181ಕ್ಕೆ ಫೋನ್ ಮಾಡಿ, ಅದು ಮಹಿಳಾ ಸಹಾಯವಾಣಿ.

ಹಾಗಿಲ್ಲ ಅಂದರೆ ಇವತ್ತು ಸಂಜೆ ಜಗಳದ ವಿಷಯ ಎತ್ತಬೇಡಿ. ಎರಡು ಲೋಟ ಚಾ ಮಾಡಿ, ಒಂದನ್ನು ನೀವೇ ತಗೊಂಡು ಹೋಗಿ ಕೊಡಿ. ಮಕ್ಕಳ ಕೈಯಲ್ಲಿ ಕಳಿಸಬೇಡಿ.